ಟವೆಲ್ಲಿನ ಕೆಳಗಿನ ಪಾಸ್‌ವರ್ಡ್

ಮೊನ್ನೆ ಆದೋನಿಯ ಬಸ್‌ಸ್ಟ್ಯಾಂಡಿನ ಹತ್ತಿರ ಎಟಿಎಂನಲ್ಲಿ ನಂಬರು ಒತ್ತುತ್ತಿದ್ದೆ. ನನ್ನ ಹಿಂದೆ ನಿಂತಿದ್ದ ಕಾಲೇಜು ಹುಡುಗಿ ಕಿಸಕ್ಕನೆ ನಕ್ಕಳು. ತಿರುಗಿ ನೋಡಿದೆ. "ಏನಿಲ್ರಿ ಆಂಟಿ, ಸೆರಗಿನ ಕೆಳಗ ಇನ್ನೊಬ್ರು ಕೂತಾರೇನೋ ಅನ್ನಂಗ ಮುಚ್ಚೀರಲ್ಲ, ಅದಕ್ಕ ನಗು ಬಂತು" ಅಂದಳು. ನಾನೂ ನಕ್ಕೆ. ನಗದೆ ಏನು ಮಾಡಲಿ? ಸೀರೆಯ ಸೆರಗನ್ನು ಪೂರ್ತಿ ಬಿಡಿಸಿ, ಆ ಯಂತ್ರದ ಗುಂಡಿಗಳ ಮೇಲೆ ಹೊದಿಸಿ, ಒಳಗೆ ಕೈಯಿಟ್ಟು ತಡಕಾಡುತ್ತಿದ್ದೆ.

ಇದು ನನ್ನ ಹಳೆಯ ಚಟ. ಮನೆಯಲ್ಲಿ ಒಬ್ಬಳೇ ಇದ್ದರೂ ಮೊಬೈಲಿಗೆ ಪಾಸ್‌ವರ್ಡ್ ಹಾಕುವಾಗ ಸೆರಗು ತಾನಾಗಿಯೇ ಕೈಮೇಲೆ ಬರುತ್ತದೆ. "ಅಮ್ಮಾ, ಇಲ್ಲಿ ಬೆಕ್ಕು ಬಿಟ್ರೆ ಯಾರಿದಾರೆ?" ಅಂತ ಮಗಳು ಗೇಲಿ ಮಾಡುತ್ತಾಳೆ. ಇಷ್ಟು ಜೋಪಾನವಾಗಿ ಮುಚ್ಚಿಟ್ಟುಕೊಂಡ ಪಾಸ್‌ವರ್ಡು ಮಾರನೆಯ ದಿನ ನನಗೇ ನೆನಪಿರುವುದಿಲ್ಲ, ಅದು ಬೇರೆ ಮಾತು. ಆಂಧ್ರದ ಗಡಿಯ ಈ ಪೆದ್ದಹರಿವಾಣಂನ ಕನ್ನಡ ಮಾಧ್ಯಮದ ಶಾಲೆಯಲ್ಲಿ ನಾನು ಕನ್ನಡ ಟೀಚರು. ಕಂಪ್ಯೂಟರ್ ಕಲಿಸುವವರು ಯಾರೂ ಇಲ್ಲವೆಂದು 'ಇಂಟರ್ನೆಟ್ ಮತ್ತು ಇ-ಮೇಲ್ ಪರಿಚಯ' ಎಂಬ ಪಾಠವೂ ನನ್ನ ತಲೆಗೇ ಬಂದಿದೆ. "ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು" ಎಂದು ನಾನು ಹೇಳಿಕೊಡುತ್ತೇನೆ, ಮಕ್ಕಳು ಮಗ್ಗಿಯ ರಾಗದಲ್ಲಿ ಒಪ್ಪಿಸುತ್ತಾರೆ. ಆ ಸಾಲು ಕಿವಿಗೆ ಬಿದ್ದಾಗಲೆಲ್ಲ ನನಗೆ ಅಪ್ಪನ ಟವೆಲ್ಲು ಕಣ್ಣಮುಂದೆ ಬರುತ್ತದೆ.

ಅಪ್ಪ ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ದಲ್ಲಾಳಿ. ಹಳ್ಳಿಯಿಂದ ಬಂದ ರೈತರ ಪರವಾಗಿ ನಿಂತು ದರ ಕುದುರಿಸುವುದು ಅವನ ಕೆಲಸ. ನಮ್ಮ ಕಡೆ ಹಳೆಯ ವ್ಯಾಪಾರಸ್ಥರು ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಡುವವನೂ ಕೊಳ್ಳುವವನೂ ಎದುರುಬದುರು ನಿಂತು ಕೈಕೈ ಹಿಡಿದು, ಮೇಲೊಂದು ಟವೆಲ್ಲು ಹೊದಿಸಿಕೊಳ್ಳುತ್ತಿದ್ದರು. ಬೆರಳು ಹಿಡಿದರೆ ಒಂದು ಲೆಕ್ಕ, ಗೆಣ್ಣು ಒತ್ತಿದರೆ ಇನ್ನೊಂದು, ಅಂಗೈ ಕೆರೆದರೆ ಮತ್ತೊಂದು. ಪಕ್ಕದಲ್ಲಿ ನಿಂತವನಿಗೆ ಸುಳಿವು ಹತ್ತುತ್ತಿರಲಿಲ್ಲ. ಟವೆಲ್ಲಿನ ಕೆಳಗೆ ಘನಘೋರ ಜಗಳ ನಡೆಯುತ್ತಿದ್ದರೂ ಮೇಲಿನ ಮುಖಗಳು ಮಾತ್ರ ಮಳೆ, ಮಕ್ಕಳು, ಎಮ್ಮೆ ಕರು ಹಾಕಿದ ಸುದ್ದಿ ಮಾತಾಡುತ್ತಿದ್ದವು.

ಅಪ್ಪನ ಟವೆಲ್ಲಿನ ಕೆಳಗೆ ಹೆಚ್ಚಾಗಿ ಇರುತ್ತಿದ್ದ ಇನ್ನೊಂದು ಕೈ ಖಾದರ್ ಕಾಕಾನದು. ಅವರು ಒಂದು ಜಿನ್ನಿಂಗ್ ಫ್ಯಾಕ್ಟರಿಗೆ ಹತ್ತಿ ಖರೀದಿ ಮಾಡುತ್ತಿದ್ದರು. ಅಪ್ಪ ದರ ಏರಿಸಬೇಕು, ಕಾಕಾ ಇಳಿಸಬೇಕು. ದಿನಾ ಹೀಗೆ ಎದುರಾಳಿಗಳಾಗಿ ನಿಂತೂ ನಿಂತೂ ಅವರಿಬ್ಬರೂ ಬಿಟ್ಟಿರಲಾರದ ಗೆಳೆಯರಾಗಿಬಿಟ್ಟಿದ್ದರು. ಸ್ಕೂಲು ಬಿಟ್ಟ ಮೇಲೆ ನಾನು ಮಾರ್ಕೆಟ್ಟಿಗೆ ಹೋಗಿ ಹತ್ತಿಯ ರಾಶಿಯ ಮೇಲೆ ಹಾರಿ, ತಲೆತುಂಬ ಬಿಳಿ ಎಳೆ ಹಚ್ಚಿಕೊಂಡು ಅವರ ಕಾಲಬಳಿ ಸುಳಿದಾಡುತ್ತಿದ್ದೆ. ಒಂದು ಸಲ ಒಳಗೇನು ನಡೆದಿದೆಯೋ ನೋಡೋಣವೆಂದು ಟವೆಲ್ಲಿನ ಕೆಳಗೆ ತಲೆ ತೂರಿಸಿದೆ. ಅಪ್ಪ ತಲೆಗೆ ಮೆಲ್ಲಗೊಂದು ಮೊಟಕಿ, "ಗಿರಿಜಾ, ಇದರಾಗ ಇಬ್ಬರದಷ್ಟ ಜಾಗ ಐತವಾ, ಮೂರನೇದವ್ರು ಬರಬಾರ್ದು" ಅಂದ. ಖಾದರ್ ಕಾಕಾ ನಗುತ್ತಾ ಜೇಬಿನಿಂದ ಬೆಲ್ಲದ ಮಿಠಾಯಿ ತೆಗೆದುಕೊಟ್ಟರು. ಅದಕ್ಕೂ ಹತ್ತಿ ಅಂಟಿತ್ತು.

ಅಪ್ಪನ ದನಿಯ ಬಗ್ಗೆ ಹೇಳಬೇಕು. ಮಾರ್ಕೆಟ್ಟಿನ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯ ಎತ್ತು ಕತ್ತು ಎತ್ತುತ್ತಿತ್ತು. ಅಂಥ ದನಿಗೆ ಏನಾಯಿತೋ, ನಾನು ಮದುವೆಯಾಗಿ ಅದೇ ಊರಿನಲ್ಲಿ ಸಂಸಾರ ಹೂಡಿದ ಹೊಸತರಲ್ಲಿ ಗಂಟಲಲ್ಲಿ ಗಂಟು ಎದ್ದಿತು. ಕರ್ನೂಲಿಗೆ ಕರೆದುಕೊಂಡು ಹೋದೆವು. ಡಾಕ್ಟರು ಗಂಟಿನ ಜೊತೆಗೆ ದನಿಯ ಪೆಟ್ಟಿಗೆಯನ್ನೂ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಮನೆಗೆ ಬಂದ ದಿನ ಅಪ್ಪ ಏನೋ ಹೇಳಲು ಬಾಯಿ ತೆರೆದ. ಬರೀ ಗಾಳಿ ಬಂತು. ಅವತ್ತು ನಾವೆಲ್ಲ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಅತ್ತೆವು.

ಆಮೇಲೆ ನನ್ನ ಹಳೆಯ ಪಾಟಿ ಅಟ್ಟದಿಂದ ಇಳಿಯಿತು. ಮರದ ಕಟ್ಟಿನ ಮೇಲೆ ಹಲ್ಲಿನ ಗುರುತಿದ್ದ, ನನ್ನದೇ ಒಂದನೇ ಇಯತ್ತೆಯ ಪಾಟಿ. ಅದರ ಮೇಲೆ ಬಳಪದಿಂದ ಬರೆದು ಅಪ್ಪ ಮಾತಾಡತೊಡಗಿದ. ಬರೆದ, ತೋರಿಸಿದ, ಅಂಗೈಯಿಂದ ಒರೆಸಿದ. ಆದರೆ ಅಮ್ಮನಿಗೆ ಅಕ್ಷರ ಬರುವುದಿಲ್ಲ. ಅಪ್ಪ ಬರೆದು ಹಿಡಿದರೆ ನಾನೋ ತಮ್ಮನೋ ಓದಿ ಅಮ್ಮನಿಗೆ ಹೇಳಬೇಕು. ಗಂಡ ಹೆಂಡತಿಗೆ ಹೇಳುವ ಮಾತೆಲ್ಲ ಮಕ್ಕಳ ಬಾಯಿಂದ ಹೋಗುವುದು ಚಂದವೇ? ಮೆಲ್ಲಗೆ ಅವರಿಬ್ಬರ ನಡುವೆ ಪಾಟಿಯೂ ನಿಂತುಹೋಗಿ, ನೀರು, ಊಟ, ದೀಪ ಆರಿಸು, ಇಷ್ಟಕ್ಕೆ ಕೈಸನ್ನೆ ಮಾತ್ರ ಉಳಿಯಿತು. ಅಮ್ಮ ಅದನ್ನು ಎಂದೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆಕೆಗೆ ಮನೆ ಬಿಕೋ ಅನ್ನಿಸುತ್ತಿದ್ದುದು ನನಗೆ ಗೊತ್ತಿತ್ತು.

ಅಪ್ಪನ ಮಾತು ಹೋದದ್ದು ಸ್ವಲ್ಪವೂ ಗೊತ್ತಾಗದೇ ಇದ್ದುದು ಟವೆಲ್ಲಿಗೆ ಮಾತ್ರ. ಮಾರ್ಕೆಟ್ಟಿಗೆ ಹೋದರೆ ಅಪ್ಪ ಮೊದಲಿನ ಚನ್ನಪ್ಪನೇ. ಖಾದರ್ ಕಾಕಾ ಆಸ್ಪತ್ರೆಗೆ ಬಂದಾಗಲೂ ಹೊದಿಕೆಯ ಕೆಳಗೆ ಅಪ್ಪನ ಕೈ ಹಿಡಿದು ಅದೇನೋ ಒತ್ತಿ, ಇಬ್ಬರೂ ನಕ್ಕಿದ್ದರು. ಅಂಥ ಕಾಕಾ, ಒಂದು ದಿನ ಬಂದು, "ಗುಂಟೂರಾಗ ಮಗಳು ಒಬ್ಬಾಕಿನ ಆಗ್ಯಾಳ, ಬಾ ಅಂತ ಜಿದ್ದು ಹಿಡದಾಳ, ಹೋಗ್ತೀನಪಾ" ಅಂದುಬಿಟ್ಟರು. ಅಪ್ಪ ಅವತ್ತು ಊಟ ಬಿಟ್ಟ. ಫೋನು ಮಾಡೋಣವೆಂದರೆ ಮಾತಿಲ್ಲ. ಕಾಗದ ಬರೆಯಬಹುದಲ್ಲ ಎಂದೆ. ಅಪ್ಪ ಪಾಟಿಯ ಮೇಲೆ ಬರೆದ: "ಉಂಡೇನು ಅಂತ ಬರದ್ರ, ಉಂಡೆ ಅಂತ ಜವಾಬು ಬರೂದ್ರಾಗ ಇನ್ನೊಂದು ಹಬ್ಬ ಬಂದಿರತೈತಿ."

ಆಗ ನಮ್ಮೂರಿನಲ್ಲಿ ಹೊಸದಾಗಿ ಒಂದು ಇಂಟರ್ನೆಟ್ ಸೆಂಟರ್ ತೆರೆದಿತ್ತು. ಇದು ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಈಗಿನ ಮಕ್ಕಳಿಗೆ ಅದರ ಗಾಂಭೀರ್ಯ ತಿಳಿಯದು. ಬಾಗಿಲಿಗೆ ದಪ್ಪ ಪರದೆ, ಒಳಗೆ ತಣ್ಣನೆಯ ಗಾಳಿ. ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು ಹೋಗಬೇಕು. ಪ್ರತಿ ಕಂಪ್ಯೂಟರಿನ ಹಣೆಗೂ ಆಯುಧಪೂಜೆಯ ವಿಭೂತಿ, ಕುಂಕುಮ. ನಾವು ಕೂತದ್ದರಲ್ಲಿ ಕುಂಕುಮ ಕೀಲಿಗಳ ಸಂದಿಗೂ ಇಳಿದು, ಒಂದು ಗುಂಡಿ ಒತ್ತಿದರೆ ಮೇಲೆ ಏಳುತ್ತಲೇ ಇರಲಿಲ್ಲ. ಹೊಸಬರಿಗೆ ಕಲಿಸಲು ಪದ್ಮಾ ಎಂಬ ಹುಡುಗಿ ಇದ್ದಳು. ತೆಲುಗಿನಾಕೆ, ನಮ್ಮೊಂದಿಗೆ ಅರ್ಧ ಕನ್ನಡ ಅರ್ಧ ತೆಲುಗು ಬೆರೆಸಿ ಮಾತಾಡುತ್ತಿದ್ದಳು. ಕಾಕಾ ಊರು ಬಿಡುವ ಮೊದಲೇ ಇಬ್ಬರೂ ಇ-ಮೇಲ್ ಕಲಿತುಬಿಡಲಿ ಎಂದು ನಾನು ಅಪ್ಪನನ್ನೂ ಖಾದರ್ ಕಾಕಾನನ್ನೂ ಎರಡು ಕುರ್ಚಿಗಳಲ್ಲಿ ಕೂರಿಸಿ ಹಿಂದೆ ನಿಂತೆ. ಅವರಿಗೆ ಕಲಿಸಲಿಕ್ಕೆಂದು ಬಂದವಳಂತೆ ನಿಂತಿದ್ದೆನೇ ಹೊರತು, ನಾನೂ ಅವತ್ತೇ ಮೊದಲು ಅದನ್ನು ಕಂಡದ್ದು.

ಪದ್ಮಾ ಫೋನಿನ ತಂತಿಯನ್ನು ಕಂಪ್ಯೂಟರಿನ ಪಕ್ಕದ ಮೋಡೆಮ್ ಡಬ್ಬಿಗೆ ಜೋಡಿಸಿದಳು. ಆ ಡಬ್ಬಿ ಕಿರ್ರೋ ಕರಕರ ಎಂದು ಗಂಟಲು ಕೆರೆದುಕೊಂಡಿತು. ಅಪ್ಪ ಬೆಚ್ಚಿ, ಆಮೇಲೆ ಕಿವಿಗೊಟ್ಟು ಕೇಳಿ, ಪಾಟಿ ತೆಗೆದು ಬರೆದ: "ಪಾಪ, ಇದಕ್ಕೂ ಆಪರೇಷನ್ ಆಗೈತಿ." ಖಾದರ್ ಕಾಕಾ ಗಟ್ಟಿಯಾಗಿ ನಕ್ಕು ಅಕ್ಕಪಕ್ಕದವರಿಂದ ಶ್ ಅನ್ನಿಸಿಕೊಂಡರು.

ವಿಳಾಸದ ನಡುವೆ ಬರುವ ಆ ಸುತ್ತಿಕೊಂಡ ಗುರುತು ನನಗೆ ವಿಚಿತ್ರವಾಗಿ ಕಂಡಿತು. ಅವರಿಬ್ಬರಿಗೆ ಅದು ಹಳೆಯ ಪರಿಚಯ. ಹತ್ತಿಯ ಬಿಲ್ಲಿನಲ್ಲಿ ಸರಕಿನ ಮುಂದೆ ಆ ಸುತ್ತು ಹಾಕಿ ದರ ಬರೆಯುವುದು ಪದ್ಧತಿ. ಅಪ್ಪನ ಹೆಸರಿನ ಮುಂದೆ ಪದ್ಮಾ ಅದನ್ನು ಒತ್ತಿದ್ದೇ ತಡ, ಅವನು ಪಾಟಿಯ ಮೇಲೆ ಬರೆದು ಕೇಳಿದ: "ನನಗೇನು ರೇಟು ಹಾಕಾಕತ್ತೀಯವಾ?" ಇಂಗ್ಲಿಷ್ ಅಕ್ಷರಗಳೂ ಅವರಿಗೆ ಹತ್ತಿಯ ಬೇಲುಗಳ ಮೇಲೆ ಬಳಿದ ಗುರುತುಗಳಿಂದಲೇ ಗೊತ್ತು, ಅವೂ ದೊಡ್ಡಕ್ಷರಗಳು ಮಾತ್ರ. ಹೀಗಾಗಿ ಇಬ್ಬರೂ ಕೊನೆಯವರೆಗೂ ಕನ್ನಡದ ಮಾತನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಹೊಡೆದರು. ಹಾಗೆ ಬರೆದರೆ ಕೂಗಿದಂತೆ ಎಂದು ಪದ್ಮಾ ಹೇಳಿದಾಗ ಅಪ್ಪನ ಮುಖ ಅರಳಿದ್ದನ್ನು ನಾನು ನೋಡಿದೆ.

ಕೊನೆಗೆ ಪಾಸ್‌ವರ್ಡಿನ ಸರದಿ ಬಂತು. "ಅಂಕಲ್, ಇದಿ ಚಾಲಾ ಮುಖ್ಯಂ. ಎವರಿಕೀ ಚೆಪ್ಪಕೂಡದು, ಯಾರಿಗೂ ಹೇಳಬಾರದು, ಯಾರಿಗೂ ಕಾಣಬಾರದು" ಎಂದಳು ಪದ್ಮಾ. ಅಷ್ಟೊತ್ತಿನವರೆಗೆ ಅರ್ಧಂಬರ್ಧ ತಲೆಯಾಡಿಸುತ್ತಿದ್ದ ಅಪ್ಪ ಈಗ ಪೂರ್ತಿ ಅರ್ಥವಾದವನಂತೆ ನೆಟ್ಟಗೆ ಕೂತ. ಹೆಗಲ ಮೇಲಿನ ಟವೆಲ್ಲು ತೆಗೆದು ಝಾಡಿಸಿ ಕೀಬೋರ್ಡಿನ ಮೇಲೆ ಹಾಸಿದ. "ಅಯ್ಯೋ, ತುಡವದ್ದು ಅಂಕಲ್, ಒರೆಸಬೇಡಿ!" ಎಂದು ಪದ್ಮಾ ಕೂಗಿಕೊಂಡಳು. ಅಪ್ಪ ನನಗೂ ಪದ್ಮಾಗೂ ಆ ಕಡೆ ತಿರುಗಿ ಎಂದು ಸನ್ನೆ ಮಾಡಿದ. ತಿರುಗಿದಂತೆ ಮಾಡಿ ಓರೆಗಣ್ಣಲ್ಲಿ ನೋಡಿದೆ. ಅಪ್ಪ ಫ್ಯಾನು ನೋಡುತ್ತಿದ್ದ, ಖಾದರ್ ಕಾಕಾ ಗೋಡೆಯ ಕ್ಯಾಲೆಂಡರು ನೋಡುತ್ತಾ, "ಈ ಸಲ ಶೇಂಗಾ ಚಲೋ ಬಂದಾವಂತ" ಎಂದು ಯಾರಿಗೋ ಎಂಬಂತೆ ಹೇಳುತ್ತಿದ್ದರು. ಟವೆಲ್ಲಿನ ಕೆಳಗೆ ಏನೋ ಹರಿದಾಡುತ್ತಿತ್ತು. ನಡುನಡುವೆ ಅಪ್ಪ ಅಂಚೆತ್ತಿ ಇಣುಕಿ ಗುಂಡಿ ಹುಡುಕುತ್ತಿದ್ದ. ಆಮೇಲೆ ಅಪ್ಪ ಟವೆಲ್ಲನ್ನು ಸರ್ರನೆ ಎಳೆದು ಹೆಗಲಿಗೆ ಹಾಕಿಕೊಂಡ. ಮಾರ್ಕೆಟ್ಟಿನಲ್ಲಿ ವ್ಯಾಪಾರ ಕುದುರಿತು ಅನ್ನುವುದಕ್ಕೆ ಅದೇ ಗುರುತು. ನಾನಂತೂ ಇದೆಲ್ಲ ಅಪ್ಪನ ಸಂಕೋಚವೆಂದುಕೊಂಡು ನಕ್ಕೆ.

ಕಾಕಾ ಗುಂಟೂರಿಗೆ ಹೋದರು. ನನ್ನ ತಮ್ಮ ಅಪ್ಪನಿಗೆಂದು ಮನೆಗೊಂದು ಕಂಪ್ಯೂಟರ್ ತಂದ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಅಪ್ಪ ಅದರ ಮುಂದೆ ಹಾಜರು. ಒಂದೇ ಬೆರಳಿನಿಂದ, ಕಾಳು ಹೆಕ್ಕುವ ಕೋಳಿಯಂತೆ ಒಂದೊಂದೇ ಅಕ್ಷರ. ಯಾರಾದರೂ ಹತ್ತಿರ ಬಂದರೆ ಟವೆಲ್ಲು ಸ್ಕ್ರೀನಿನ ಮೇಲೆ. ಏನು ಓದುತ್ತಿದ್ದನೋ, ಹೊಟ್ಟೆ ಕುಲುಕಿಸಿ ಸದ್ದಿಲ್ಲದೆ ನಗುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮ, "ಅದರ ಕೂಡ ಏನೇನು ಮಾತಾಡ್ತಾರ ನೋಡವಾ. ನಮ್ಮ ಕೂಡ ಒಂದೂ ಇಲ್ಲ" ಅನ್ನುತ್ತಿದ್ದಳು. ನಗುತ್ತಲೇ ಅನ್ನುತ್ತಿದ್ದಳು, ಆದರೆ ನನಗೆ ನಗು ಬರುತ್ತಿರಲಿಲ್ಲ.

ಹೋದ ಕಾರ್ತಿಕದಲ್ಲಿ ಅಪ್ಪ ಹೋದ. ಖಾದರ್ ಕಾಕಾನಿಗೆ ಕಣ್ಣಿನ ತೊಂದರೆ, ಮಣ್ಣಿಗೆ ಬರಲಾಗಲಿಲ್ಲ. ಅಪ್ಪನ ಪಾಟಿಯನ್ನು ಅಮ್ಮ ದೇವರ ಗೂಡಿನಲ್ಲಿಟ್ಟಳು. ಅದರ ಮೇಲೆ ಒಂದಕ್ಷರವೂ ಇರಲಿಲ್ಲ, ಒರೆಸಿದ ಅಂಗೈಯ ಬಿಳಿ ಗುರುತಷ್ಟೇ ಇತ್ತು. ಆಗ ನನಗೆ ಹೊಳೆಯಿತು: ಇಷ್ಟು ವರ್ಷ ಅಪ್ಪ ಆಡಿದ ಮಾತೆಲ್ಲ ಅಳಿಸಿಹೋಗಿದೆ. ಅಳಿಯದೆ ಉಳಿದಿದ್ದರೆ ಅದು ಆ ಇ-ಮೇಲ್ ಖಾತೆಯಲ್ಲಿ ಮಾತ್ರ. ಅಮ್ಮನೂ ಅದನ್ನೇ ಯೋಚಿಸುತ್ತಿದ್ದಳೆಂದು ಕಾಣುತ್ತದೆ. "ಅದರಾಗ ಏನು ಮಾತಾಡ್ತಿದ್ರು ಅಂತ ಒಂದೀಟು ನೋಡಿ ಹೇಳವಾ" ಎಂದಳು. ತನಗಾಗಿ ಏನನ್ನೂ ಕೇಳಿದವಳಲ್ಲ ಅವಳು.

ನೋಡಲು ಹೋದರೆ, ಅಪ್ಪ ಆಸ್ಪತ್ರೆಯಲ್ಲಿದ್ದಾಗ ಕೆಟ್ಟಿದ್ದ ಕಂಪ್ಯೂಟರನ್ನು ರಿಪೇರಿಯವನು ಎಲ್ಲ ಒರೆಸಿ ಹೊಸದಾಗಿ ತುಂಬಿದ್ದ. ಪಾಸ್‌ವರ್ಡ್ ಕೊಡು ಎಂದಿತು. ಅಪ್ಪ ಎಲ್ಲೂ ಬರೆದಿಟ್ಟಿರಲಿಲ್ಲ. ಮರೆತವರಿಗೆ ಮೊಬೈಲಿಗೆ ನಂಬರು ಕಳಿಸುತ್ತಾರಲ್ಲ ಅನ್ನುತ್ತೀರಿ, ಆದರೆ ಮಾತಿಲ್ಲದ ಅಪ್ಪ ಮೊಬೈಲನ್ನೇ ಇಟ್ಟುಕೊಂಡಿರಲಿಲ್ಲ. ಮನೆದೇವರ ಹೆಸರು ಹಾಕಿದೆ, ಅಮ್ಮನ ಹೆಸರು, ತಮ್ಮನ ಹೆಸರು ಹಾಕಿದೆ. ನನ್ನ ಹೆಸರನ್ನು ಕೊನೆಗೆಂದು ಉಳಿಸಿಕೊಂಡಿದ್ದೆ, ಅದೇ ಇರುತ್ತದೆಂದು ಖಾತ್ರಿಯಿತ್ತು. ಅದೂ ಅಲ್ಲ ಎಂದಾಗ ಸ್ವಲ್ಪ ಮುನಿಸೇ ಬಂತು. ಬಳಸದೆ ಬಿಟ್ಟ ಖಾತೆಗಳನ್ನು ಕಂಪನಿಯವರು ಅಳಿಸಿಹಾಕುತ್ತಾರೆಂದು ಮಗಳು ಹೇಳಿದ ಮೇಲೆ ನನಗೆ ಸಮಾಧಾನವೇ ಇರಲಿಲ್ಲ. ಅಮ್ಮ ದಿನಾ ಕೇಳುವಳು, "ತೆಗೀತೇನು?" ಇಲ್ಲ ಅನ್ನಲು ನಾಲಿಗೆ ಏಳದು. "ಇವತ್ತು ಕರೆಂಟಿಲ್ಲಮ್ಮಾ" ಅನ್ನುತ್ತಿದ್ದೆ.

ಹಾಗಿರುವಾಗಲೇ ಎಟಿಎಂನ ಆ ಹುಡುಗಿ ಸಿಕ್ಕದ್ದು. ಸೆರಗಿನ ಕೆಳಗ ಇನ್ನೊಬ್ರು ಕೂತಾರೇನೋ ಎಂದಳಲ್ಲ, ಆಟೋದಲ್ಲಿ ಬರುವಾಗ ಆ ಮಾತು ತಲೆಯಲ್ಲಿ ಸುತ್ತಿತು. ಟವೆಲ್ಲಿನ ಕೆಳಗೆ ಯಾವತ್ತಾದರೂ ಒಂದೇ ಕೈ ಇದ್ದದ್ದುಂಟೇ? ಯಾರಿಗೂ ಹೇಳಬಾರದು ಎಂದು ಪದ್ಮಾ ಅಂದಾಗ ಅಪ್ಪನಿಗೆ ಆದ ಅರ್ಥವೇ ಬೇರೆ. ಗುಟ್ಟು ಎಂದರೆ ಅವನ ಪಾಲಿಗೆ ಒಬ್ಬನೇ ಇಟ್ಟುಕೊಳ್ಳುವುದಲ್ಲ, ಮೂರನೆಯವರಿಗೆ ತಿಳಿಯದಂತೆ ಇಬ್ಬರು ಇಟ್ಟುಕೊಳ್ಳುವುದು. ಅವತ್ತು ಕಾಕಾ ಕ್ಯಾಲೆಂಡರು ನೋಡುತ್ತಾ ಶೇಂಗಾದ ಮಾತು ಯಾಕೆ ತೆಗೆದರೆಂದು ಈಗ ತಿಳಿಯಿತು. ಆಟೋದವನು ಇಳಿಯಿರಿ ಎಂದದ್ದೂ ನನಗೆ ಕೇಳಿಸಲಿಲ್ಲ.

ಖಾದರ್ ಕಾಕಾ ಈಚೆಗೆ ಗುಂಟೂರು ಬಿಟ್ಟು ಆದೋನಿ ಹತ್ತಿರದ ಆಸ್ಪರಿಗೆ, ಅವರ ತಮ್ಮನ ಮನೆಗೆ ಬಂದಿದ್ದಾರೆಂದು ಕೇಳಿದ್ದೆ. ಭಾನುವಾರ ಬಸ್ಸು ಹತ್ತಿದೆ. ಹೊಲಗಳಲ್ಲಿ ಹತ್ತಿ ಒಡೆದು ಬೆಳ್ಳಗೆ ಕಾಣುತ್ತಿತ್ತು. ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಹತ್ತಿರ ಹೋದರೂ ಗುರುತು ಹತ್ತಲಿಲ್ಲ, ದನಿ ಕೇಳಿ ಎದ್ದು ನಿಂತರು.

"ಅರೆ, ಗಿರಿಜಾ ಬೇಟಿ! ಚನ್ನಪ್ಪ ಹೋದಾಗ ಬರಾಕ ಆಗ್ಲಿಲ್ಲವಾ. ಕಣ್ಣು ಕೈ ಕೊಟ್ಟಾವು."

ಬಂದ ಕಾರಣ ಹೇಳಿದೆ. ಕಾಕಾ ಮಕ್ಕಳಂತೆ ನಕ್ಕರು. "ಗೊತ್ತೈತಿ, ಗೊತ್ತೈತಿ. ನಂದು ಅವಂಗ ಗೊತ್ತಿತ್ತು, ಅವಂದು ನನಗ."

"ಹಂಗಾದ್ರ ಹೇಳ್ರಿ ಕಾಕಾ."

"ಹೇಳಂಗಿಲ್ಲ."

ಕಾಕಾ ನಿಧಾನವಾಗಿ ಅಂದರು, "ಬಾಯಿಲೆ ಹೇಳೂದಲ್ಲ ಬೇಟಿ ಅದು. ನಿಮ್ಮಪ್ಪ ಟವೆಲ್ ಕೆಳಗ ಕೊಟ್ಟಾನ, ನಾನೂ ಟವೆಲ್ ಕೆಳಗ ಕೊಡಬೇಕು. ನಡಿ, ಆದೋನಿಗೇ ಹೋಗೂನು. ಆ ಡಬ್ಬಿ ಮುಂದ ಕೂಡಿಸು ನನ್ನ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಾಕಾ ತಮ್ಮ ಟವೆಲ್ಲಿನ ಕೆಳಗೆ ನನ್ನ ಕೈ ಹಿಡಿದು ಬೆರಳಿನ ಲೆಕ್ಕ ಕಲಿಸಿದರು. ನಾನು ತಪ್ಪಿದಾಗಲೆಲ್ಲ ಗೆಣ್ಣಿಗೊಂದು ಚಿವುಟು. ಕಂಡಕ್ಟರು ಬಗ್ಗಿ ನೋಡಿ, "ಏನು ವ್ಯಾಪಾರ ತಾತಾ?" ಎಂದ. "ನಿನಗ್ಯಾಕಪಾ, ಟಿಕೀಟು ಹರಿ" ಎಂದರು ಕಾಕಾ. ಮೂರನೆಯವಳಾಗಿ ಮೊಟಕಿಸಿಕೊಂಡಿದ್ದ ನನಗೆ ಕಡೆಗೂ ಟವೆಲ್ಲಿನ ಕೆಳಗೆ ಜಾಗ ಸಿಕ್ಕಿತ್ತು.

ಮನೆಯಲ್ಲಿ ಅಮ್ಮ ಕಾಕಾನನ್ನು ಕಂಡು ಕಣ್ಣೊರೆಸಿಕೊಂಡು, "ಬರ್ರಿ ಅಣ್ಣಾರ" ಎಂದು ಒಳಗೆ ಕರೆದು, ಚಹಕ್ಕಿಡಲು ಹೋದಳು. ಅಂದು ಅಪ್ಪನ ಪಕ್ಕದಲ್ಲಿ ಕೂರಿಸಿದಂತೆಯೇ ಕಾಕಾನನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಕುರ್ಚಿಯ ಬೆನ್ನಿಗೆ ಅಪ್ಪನ ಟವೆಲ್ಲು ಇನ್ನೂ ಇತ್ತು. ಕಾಕಾ ಅದನ್ನು ಮೂಸಿ ನೋಡಿ, ಝಾಡಿಸಿ, ನಮ್ಮ ಕೈಗಳ ಮೇಲೆ ಹೊದಿಸಿದರು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಒಣಗಿದ, ಗೆಣ್ಣು ಬಲಿತ ಕೈ. ಒಂದೊಂದೇ ಬೆರಳು ಹಿಡಿದು ಒತ್ತುತ್ತಾ ಹೋದರು, ನಾನು ಇನ್ನೊಂದು ಕೈಯಿಂದ ಅಂಕಿ ಒತ್ತುತ್ತಾ ಹೋದೆ. ಅಪ್ಪ ಈ ಕೈಯೊಂದಿಗೆ ಒಂದು ಜೀವಮಾನ ಮಾತಾಡಿದ್ದನಲ್ಲ ಎಂದು ನೆನೆದು ನನ್ನ ಕಣ್ಣು ಮಂಜಾಯಿತು. ಕಾಕಾ ಟವೆಲ್ಲನ್ನು ಸರ್ರನೆ ಎಳೆದರು. ಖಾತೆ ತೆರೆಯಿತು.

ಅಂಕಿಗಳೇನೆಂದು ನಿಮಗೆ ಹೇಳುವುದಿಲ್ಲ, ಬೇಸರಿಸಬೇಡಿ.

ಸ್ಕ್ರೀನಿನ ತುಂಬ ಮೇಲಿನಿಂದ ಕೆಳಗಿನವರೆಗೆ ಒಂದೇ ವಿಷಯ: ಕ್ಷೇಮ, ಕ್ಷೇಮ, ಕ್ಷೇಮ. ಕಾಗದದ ತಲೆಗೆ ಕ್ಷೇಮ ಎಂದು ಬರೆಯುವ ರೂಢಿಯನ್ನು ಅಪ್ಪ ಇಲ್ಲೂ ಬಿಟ್ಟಿರಲಿಲ್ಲ. ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನದ ಇ-ಮೇಲಿಗೂ ಅದೇ ತಲೆಬರಹ.

"ನನಗ ಕಾಣಂಗಿಲ್ಲ, ನೀನ ಓದು" ಎಂದರು ಕಾಕಾ.

ಒಂದನ್ನು ತೆರೆದೆ. ಮೊದಲ ಸಾಲಿಗೇ ತಡವರಿಸಿದೆ. ಎತ್ತಿ ಆಡಿಸಿದ ಹಿರಿಯರನ್ನು ಹಾಗೆ ಕರೆಯುವುದು ಹೇಗೆ?

"ಯಾಕ ನಿಂತಿ? ಹೆಂಗ ಬರದಾನ ಹಂಗ ಓದು."

ಅಕ್ಷರಗಳೆಲ್ಲ ದೊಡ್ಡವು. ಕೂಗಿದಂತೆ ಓದಬೇಕು ಅನ್ನಿಸಿತು. ದನಿ ಎತ್ತಿದೆ.

"ಲೇ ಖಾದರಾ!"

"ಹೇಳಪಾ" ಎಂದರು ಕಾಕಾ, ಅಷ್ಟು ಸಹಜವಾಗಿ, ಸ್ಕ್ರೀನಿನ ಕಡೆಗೆ ಮುಖ ತಿರುಗಿಸಿ.

ನಾನು ಮುಂದೆ ಓದಿದೆ. "ಉಂಡೇನು? ಇವತ್ತು ನಮ್ಮಾಕಿ ಉಗ್ಗಾಣಿ ಮಾಡಿದ್ಲು. ಬಜ್ಜಿ ಭಾಳ ಚಲೋ ಆಗಿದ್ದವು. ಉಗ್ಗಾಣಿಗೆ ಉಪ್ಪು ಜಾಸ್ತಿ ಆಗಿತ್ತು. ಹೇಳೂನಂದ್ರ ನನಗ ಬಾಯಿಲ್ಲ, ಬರದ್ರ ಆಕಿಗೆ ಓದಾಕ ಬರಂಗಿಲ್ಲ. ಆಕಿ ಕೂಡ ಜಗಳಾಡಿ ಭಾಳ ದಿನ ಆತು ನೋಡು. ಅದಕ್ಕ ನಿನಗ ಹೇಳಾಕತ್ತೀನಿ."

ಹಿಂದೆ ಬಳೆಯ ಸದ್ದಾಯಿತು. ಅಮ್ಮ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮುಖ ಕೆಂಪಾಗಿತ್ತು.

"ಎಲ್ಲಿ ಜಾಸ್ತಿ ಆಗಿತ್ತು?" ಎಂದಳು, ಆ ಡಬ್ಬಿಗೇ ಎದುರಾಡುತ್ತಾ. "ಎರಡನೇ ಸಲ ಹಾಕಿಸ್ಕೊಂಡು ತಿಂದವ್ರು ಯಾರು?"

ಆಮೇಲೆ ತಟ್ಟೆಯನ್ನು ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು, ನನ್ನ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತಳು.

"ಓದವಾ, ಮುಂದ ಓದು. ಇನ್ನೇನಂತಾರ?"